ನಮ್ಮನಿಯವ್ರು ಆಟಕ್ಕೆ ಸೇರಿದ್ದು

ಜೂನ್ ೮, ಬೆಳಿಗ್ಗೆ

ರೊಟ್ಟಿ ಬಡಿದಾಯಿತು. ನಮ್ಮ ಮನೆಯವರು ಇನ್ನೂ ಮೊಬೈಲಿನಲ್ಲಿ ಗುಂಡು ಹಾರಿಸುತ್ತಿದ್ದಾರೆ. ಗ್ರಾನೈಟ್ ಪಾಲಿಶ್ ಕೆಲಸ ಬಿಟ್ಟಮೇಲೆ ಇದೇ ಡ್ಯೂಟಿ. ಜೊತೆಗೆ ಕೆಲಸ ಮಾಡಿದ ಜಲಾಲುದ್ದೀನ, ನಾಗಲಿಂಗ — ಇವರ ಟೀಮು.

ಮೊಮ್ಮಗಳು ವಿದ್ಯಾ ನನಗೆ ಬೇರೆ ಆಟ ಹಾಕಿಕೊಟ್ಟಿದ್ದಾಳೆ. ಆರ್‌ಪಿಜಿ ಅಂತೆ. ನಾವೇ ಒಂದು ಪಾತ್ರವಾಗಿ ಊರೂರು ತಿರುಗಬೇಕು, ಕಂಡವರೊಡನೆ ಮಾತಾಡಬೇಕು. ಕನ್ನಡ ಅಕ್ಷರ ಇವೆ. ನಾಲ್ಕನೇ ಇಯತ್ತೆ ಕಲಿತದ್ದು ಸಾಕಾಯಿತು.

ಇವರು ಇಣುಕಿ ನಕ್ಕರು. "ಇದೇನ ಆಟನೋ ಹರಟಿನೋ? ಇಳಕಲ್ ಮಂದೆಲ್ಲಾ ಗನ್ ಆಟಾ ಆಡ್ತಾರ. ಇದನ್ನ ಕೇಳವ್ರ ಯಾರದಾರ?"

"ಮಂದಿ ದಾರೂನೂ ಕುಡಿತಾರ್ರಿ" ಎಂದೆ.

ಜೂನ್ ೧೧

ಆಟದಲ್ಲಿ ಕುಂಬಾರನ ಕತ್ತೆ ಕಳೆದಿತ್ತು. ಹುಡುಕಿ ಕೊಟ್ಟೆ. ಖಡ್ಗ ತೆಗೆಯಲೇ ಇಲ್ಲ.

"ಆಯಿ, ಅಲ್ಲಿ ರಾಕ್ಷಸ ಕಾಯಾಕತ್ತಾನ" ಎಂದಳು ವಿದ್ಯಾ.

ಕಾಯಲಿ. ಅವನಿಗೇನು ಹೊಲ-ಮನೆ ಇದೆಯೇ?

ಜೂನ್ ೧೯

ಬರೆಯಲು ಮನಸ್ಸಿರಲಿಲ್ಲ. ಇವರ ಬೆರಳು ನಡುಗುತ್ತಿವೆ. ದವಾಖಾನಿಗೆ ಹೋಗಿ ಬಂದೆವು. ಡಾಕ್ಟರು ವಯಸ್ಸು ಎಂದರು, ಗುಳಿಗೆ ಕೊಟ್ಟರು. ಗನ್ ಆಟದಲ್ಲಿ ಮೊದಲು ಸಾಯುವವರು ಈಗ ಇವರೇ... ಇಂದು ಜಲಾಲುದ್ದೀನನ ಫೋನು. "ಅಣ್ಣಾ, ಸ್ವಲ್ಪ ದಿನಾ ಆರಾಮ ತಗೋರಿ. ಟೂರ್ನಮೆಂಟ್ ಐತಿ."

ಮೊಬೈಲ್ ಕಪಾಟಿಗಿಟ್ಟರು. ಅರ್ಧ ರೊಟ್ಟಿಗೇ ಎದ್ದರು.

ಜೂನ್ ೨೧, ಮಧ್ಯಾಹ್ನ

ನನ್ನ ಆಟಕ್ಕೆ ಒಬ್ಬ ಜೊತೆಗಾರ ಬೇಕಂತೆ. ಹೆಸರು ಕೇಳಿದಳು ವಿದ್ಯಾ. ಗಂಡನ ಹೆಸರು ಈ ಬಾಯಲ್ಲಿ ಎಂದೂ ಬಂದಿಲ್ಲ. "ನಮ್ಮನಿಯವ್ರು ಅಂತ ಬರಿ" ಎಂದೆ. ಹೊಟ್ಟೆ ಹಿಡಿದು ನಕ್ಕಳು.

ಈಗ ಆಟದ ಊರವರೆಲ್ಲ 'ನಮಸ್ಕಾರ, ನಮ್ಮನಿಯವ್ರು' ಎನ್ನುತ್ತಾರೆ. ಕುಂಬಾರನ ಹೆಂಡತಿಯೂ. ಜೋರಾಗಿ ಓದಿದೆ.

"ಹೆಣ್ಮಕ್ಕಳ ಆಟ" ಎಂದರು ಇವರು. ಆದರೂ ಕುರ್ಚಿ ಸ್ವಲ್ಪ ಈ ಕಡೆ ಸರಿಯಿತು.

"ಇದರಾಗ ಅವಸರ ಇಲ್ರಿ. ನೀವು ಉತ್ತರ ಹೇಳೂತನಕ ರಾಕ್ಷಸನೂ ಸುಮ್ಮ ಕುಂತಿರ್ತಾನ."

ಜೂನ್ ೨೬, ಸಂಜೆ

ಜಲಾಲುದ್ದೀನ ಬಂದ. ನನ್ನ ಆಟದ ಮೊಬೈಲ್ ಇವರ ಕೈಯಲ್ಲೇ ಇತ್ತು. ಟವೆಲ್ಲಿನ ಕೆಳಗೆ ತಳ್ಳಿಯಾರು ಎಂದುಕೊಂಡೆ. ತಳ್ಳಲಿಲ್ಲ.

"ಕುಂದರಲೇ. ಆಟದಾಗಿನ ಈ ಮುದುಕಿ ಸೇತುವಿ ದಾಟಾಕ ಬಿಡವಲ್ಲಳು."

"ಗುಂಡ ಹಾಕ್ರಿ ಅಣ್ಣಾ."

"ಏ ಮಬ್ಬ. ಆಕಿ ಮಗಳು ಗಂಡನ ಮನಿಂದ ಬಂದಿಲ್ಲೋ, ಅದಕ್ಕ ಸಿಟ್ಟಾಗ್ಯಾಳ."

ಜಲಾಲುದ್ದೀನ ಚಪ್ಪಲಿ ಬಿಟ್ಟು ಒಳಗೆ ಕೂತ. ಚಹಾ ಇಟ್ಟಿದ್ದೇನೆ. ಮಗಳನ್ನು ಕರೆತರುವುದೋ, ಅಳಿಯನಿಗೆ ಬುದ್ಧಿ ಹೇಳುವುದೋ — ಇಬ್ಬರಿಗೂ ಜಗಳ ಹತ್ತಿದೆ. ನಾನು ಹೋಗದಿದ್ದರೆ ಆ ಮುದುಕಿಗೆ ಇವರಿಬ್ಬರೂ ಸೇರಿ ಇನ್ನಷ್ಟು ಸಿಟ್ಟು ಬರಿಸಿಯಾರು.