ಬೈಕಿನ ಆಯಿಲ್‌ಗೆ ಕೈ ಹಾಕುವ ಮುಂಚೆ

ರೀ,

ಎದ್ದ ಕೂಡಲೇ ಸ್ಪ್ಯಾನರ್ ಹಿಡಿದು ಬೈಕಿನ ಹತ್ತಿರ ಓಡಬೇಡಿ. ಫ್ಲಾಸ್ಕಿನಲ್ಲಿ ಕಾಫಿ ಇದೆ, ಮೊದಲು ಕುಡೀರಿ.

ಹೊಸ ಕ್ಲಚ್ ನೀವೇ ಕೂರಿಸಿದಿರಿ, ಚೆನ್ನಾಗಿಯೇ ಕೂರಿಸಿದಿರಿ. ಅದಕ್ಕೆ ಕಾರಿನ ಆಯಿಲ್ ಸುರಿದದ್ದು ಮಾತ್ರ ಅತಿ ಬುದ್ಧಿವಂತಿಕೆ. ದುಬಾರಿಯದು, ನುಣ್ಣಗಿದೆ ಅಂದಿರಿ. ಅಷ್ಟು ನುಣ್ಣಗಿದ್ದರೆ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವುದು ಹೇಗೆ? ನಿನ್ನೆ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ತೆವಳಿತು. ಪೇಪರ್ ಹಾಕುವ ಅಜ್ಜ ಸೈಕಲ್ಲಿನಲ್ಲಿ ನಮ್ಮನ್ನು ದಾಟಿ, “ತಳ್ಳಲೇನಮ್ಮಾ?” ಅಂದರು.

ಕ್ಲಚ್ ಕಡೆಯ ಆಯಿಲ್ ಪೂರ್ತಿ ಇಳಿಸಿ. ಕೆಳಗೆ ಹಳೇ ಟಬ್ ಇಡಿ, ನನ್ನ ಹಿಟ್ಟು ಕಲಸುವ ಪಾತ್ರೆ ಅಲ್ಲ. ಕ್ಲಚ್ ಜೊತೆ ಬಂದ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ, ಕನ್ನಡಕ ಹಾಕಿಕೊಂಡು ಓದಿ. ಬೈಕಿನ ಕ್ಲಚ್ ಆಯಿಲಿನಲ್ಲಿ ಮುಳುಗಿಯೇ ತಿರುಗುತ್ತದಂತೆ, ಅದಕ್ಕೆಂದೇ ಮಾಡಿದ ಆಯಿಲ್ ಬೇಕಂತೆ. ಅದನ್ನೇ ತಂದು ಮೆಟ್ಟಿಲ ಕೆಳಗಿಟ್ಟಿದ್ದೇನೆ. ಹಾಳೆಯಲ್ಲಿರುವ ಅಳತೆಯಷ್ಟೇ ಹಾಕಿ. “ಇರಲಿ ಇನ್ನೊಂದಿಷ್ಟು” ಬೇಡ.

ಸಂಜೆ ಅತ್ತೆ ಬರುತ್ತಾರೆ. ಸ್ಟೇಷನ್ನಿನಿಂದ ಮನೆವರೆಗೂ ಏರೇ. ಅವರ ಕೈಲಿ ಬೈಕ್ ತಳ್ಳಿಸಿದರೆ ನಾನು ನಿಮ್ಮ ಪರ ಮಾತಾಡುವುದಿಲ್ಲ.

ಮಿಕ್ಕಿದ ಕಾರಿನ ಆಯಿಲ್ ಎಲ್ಲಿ ಅಂತ ಹುಡುಕಬೇಡಿ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ. ಆದರೂ ಡಬ್ಬವನ್ನು ಊಟದ ಚೀಲದಲ್ಲಿಟ್ಟುಕೊಂಡೇ ಆಫೀಸಿಗೆ ಹೋಗುತ್ತಿದ್ದೇನೆ.