ಬೀಗಿತ್ತಿ ಬಿಟ್ಟುಕೊಟ್ಟ ಹೆಸರು

ಕಾಲಿಮ್ನೋಸ್ ದ್ವೀಪದಲ್ಲಿರುವ ನನ್ನ ಬೀಗಿತ್ತಿ ಝುಂಬುಲಿಯಾ ಅವರಿಗೆ,

ಕೊಝಾನಿಯಿಂದ ಗರಿಫಾಲಿಯಾ ಬರೆಯುವ ಕಾಗದ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ಇರದೆ ಏನು? ನನ್ನ ಮಗ ನಿಮ್ಮ ಮನೆಯಲ್ಲಿದ್ದಾನೆ, ಮೊಮ್ಮಗಳು ನಿಮ್ಮ ಮಡಿಲಲ್ಲಿದ್ದಾಳೆ, ಸಮುದ್ರ ಕೂಡ ನಿಮ್ಮ ಕಡೆಗೇ ಇದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ನೀವು ನನ್ನ ಮಂಡಿನೋವು ವಿಚಾರಿಸುತ್ತೀರಿ, ಆಮೇಲೆ ನನಗೆ ಜಗಳಕ್ಕೆ ಬಾಯಿಯೇ ಬರುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಸುತ್ತಿ ಬಳಸಿ ಹೇಳುವ ವಯಸ್ಸಲ್ಲ ನನ್ನದು. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಮದುವೆಯ ದಿನದಿಂದಲೇ ಇದೆ. ನಿಮ್ಮ ದ್ವೀಪದಲ್ಲಿ ಮನೆ ಹೆಣ್ಣುಮಗಳಿಗೆ ಹೋಗುತ್ತದೆ, ಅಳಿಯನೇ ಬಂದು ಸೇರಿಕೊಳ್ಳುತ್ತಾನೆ ಎಂಬುದು ನನಗೆ ಗೊತ್ತಾದದ್ದು ಮಗ ಸ್ಟೆರ್ಗಿಯೋಸ್ ತನ್ನ ಚಳಿಗಾಲದ ಕೋಟನ್ನೆಲ್ಲ ನನ್ನ ಬೀರುವಿನಲ್ಲೇ ಬಿಟ್ಟು ಹೊರಟಾಗ. ಇರುವ ಒಬ್ಬನೇ ಮಗನನ್ನು ಸಾಕಿ, ಓದಿಸಿ, ನಿಮ್ಮ ಮಗಳು ಥೆಮೆಲೀನಾಳ ಗಂಡನಾಗಿ, ನಿಮ್ಮ ಮನೆಅಳಿಯನಾಗಿ ಕಳಿಸಿಕೊಟ್ಟೆ. ನೀವು ಅವಳಿಗೆ ಮನೆ ಬಿಟ್ಟುಕೊಟ್ಟು ಅಂಗಳದ ಆಚೆಯ ಸಣ್ಣ ಕೋಣೆಗೆ ಹೋದಿರಿ. ಅದೂ ಎಷ್ಟು ನಗುನಗುತ್ತಾ ಹೋದಿರಿ! ನೋಡಿದವರೆಲ್ಲ ಹೊಗಳಿದರು. ಮಗನನ್ನೇ ಕೊಟ್ಟವಳನ್ನು ಯಾರೂ ಹೊಗಳಲಿಲ್ಲ.

ಮದುವೆಯ ಊಟದಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಜೀವಮಾನವೆಲ್ಲ ಶಾಲೆಯಲ್ಲಿ ಭಾಷೆ ಕಲಿಸಿದವಳು, ಪದಗಳ ಬೇರು ಕೆದಕುವುದು ನನ್ನ ಚಟ. ಮನಸ್ಸಿನ ಉರಿ ಆ ದಾರಿಯಲ್ಲಿ ಹೊರಗೆ ಬಂತು. "ನಿಮ್ಮ ಹೆಸರು ನಮ್ಮ ಭಾಷೇದೇ ಅಲ್ಲ ಕಣ್ರೀ. ಹಯಸಿಂತ್ ಅನ್ನೋ ನೀಲಿ ಹೂವಿಗೆ ತುರ್ಕರು ಇಟ್ಟ ಹೆಸರು. ಅವರೂ ಪರ್ಷಿಯಾದವರ ಹತ್ರ ತಗೊಂಡಿದ್ದು," ಅಂದೆ. ನನ್ನ ಹೆಸರು ಅಪ್ಪಟ ಗ್ರೀಕ್, ಕಾಯಿ ಮತ್ತು ಎಲೆ ಎಂಬ ಎರಡು ಹಳೆಯ ಪದ ಕೂಡಿ ಆದದ್ದು ಎಂದೂ ಸೇರಿಸಿದೆ. ನೀವು ಕೋಪಿಸಿಕೊಳ್ಳಬೇಕಿತ್ತು. "ಹೌದಾ? ಪಾಪ, ಅಷ್ಟು ದೂರದಿಂದ ಬಂದಿದ್ಯಾ ಅದು," ಎಂದು ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ ಹೇಳಿ, ನನ್ನ ತಟ್ಟೆಗೆ ಇನ್ನೆರಡು ಫಿಲ್ಲಾ ಹಾಕಿದಿರಿ. ದ್ರಾಕ್ಷಿ ಎಲೆಯೊಳಗೆ ಅಕ್ಕಿ, ಮಾಂಸ ಸುತ್ತಿದ ಆ ಸುರುಳಿಗಳು ಎಷ್ಟು ರುಚಿಯಾಗಿದ್ದವೆಂದರೆ ನನಗೆ ಇನ್ನೂ ಸಿಟ್ಟು ಬಂತು. ಎದುರಿಗೆ ಕೂತ ನನ್ನ ಮಗರಾಯ ಸುಮ್ಮನಿರಬಾರದೆ? "ಅಮ್ಮಾ, ಅತ್ತೆ ಮಾಡೋ ಫಿಲ್ಲಾ ಅಪ್ಪಟ ಗ್ರೀಕ್ ಪದ, ಎಲೆ ಅಂತ. ನೀನು ಕ್ರಿಸ್‌ಮಸ್‌ಗೆ ಎಲೆಕೋಸಲ್ಲಿ ಸುತ್ತೋ ಯಾಪ್ರಾಕಿಯಾ ತುರ್ಕರ ಪದ, ಅದೂ ಎಲೆ ಅಂತಾನೇ. ಈಗೇನು ಮಾಡ್ತೀಯ, ಊಟ ಬಿಡ್ತೀಯಾ?" ಅಂದ. ಇಡೀ ಮೇಜು ನಕ್ಕಿತು. ನೀವೊಬ್ಬರೇ ನಗಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಆಮೇಲೆ ಎಂಟು ವರ್ಷ ಕಾದು ಮಗು ಹುಟ್ಟಿತು. ಹೆಣ್ಣು. ದೀಕ್ಷಾಸ್ನಾನ ಆಗುವವರೆಗೆ ಹೆಸರಿಲ್ಲ, ಬರೀ ಪಾಪು. ನಮ್ಮ ಕೊಝಾನಿಯಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು. ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನಾವು ಹೋದ ಮೇಲೂ ಆ ಹೆಸರನ್ನು ಯಾರೋ ಬಾಗಿಲಲ್ಲಿ ನಿಂತು ಕೂಗುತ್ತಾರೆ ಎಂಬುದೊಂದೇ ನಮ್ಮಂಥವರಿಗೆ ಉಳಿಯುವ ಆಸ್ತಿ. ನಾನು ನೇರ ಮಿಠಾಯಿ ಅಂಗಡಿಗೆ ಹೋಗಿ, ಅತಿಥಿಗಳಿಗೆ ಹಂಚುವ ಸಕ್ಕರೆ ಬಾದಾಮಿಯ ಪೊಟ್ಟಣ ಕಟ್ಟಿಸಿದೆ. ಒಂದೊಂದರ ರಿಬ್ಬನ್ನಿನ ಮೇಲೂ 'ಗರಿಫಾಲಿಯಾ' ಎಂದು ಅಚ್ಚು ಹಾಕಿಸಿದೆ. ಆ ಪೆಟ್ಟಿಗೆ ಹೊತ್ತು ಬಸ್ಸು, ಹಡಗು ಹತ್ತಿ ನಿಮ್ಮ ಮನೆಗೆ ಬಂದೆ.

ಬಂದ ಮೇಲೆ ತಿಳಿಯಿತು. ನಿಮ್ಮ ದ್ವೀಪದಲ್ಲಿ ಮೊದಲ ಹೆಣ್ಣುಮಗುವಿಗೆ ಅಮ್ಮನ ತಾಯಿಯ ಹೆಸರು! ನಾನು ಅಂಗಳಕ್ಕೆ ಕಾಲಿಡುವ ಹೊತ್ತಿಗೇ ನೆರೆಯವರು ನಿಮ್ಮನ್ನು ಅಪ್ಪಿಕೊಂಡು, ನಿನ್ನ ಹೆಸರು ಮತ್ತೆ ಹುಟ್ಟಿತು ಎಂದು ಹಾರೈಸುತ್ತಿದ್ದರು. ನಿಮಗೂ ಥೆಮೆಲೀನಾ ಒಬ್ಬಳೇ ಮಗಳು. ಇದು ತಪ್ಪಿದರೆ ನಿಮಗೂ ಇನ್ನೊಂದು ದಾರಿ ಇರಲಿಲ್ಲ. ನಾನು ಪೆಟ್ಟಿಗೆಯನ್ನು ಸದ್ದಿಲ್ಲದೆ ನಿಮ್ಮ ಬೀರುವಿನ ರಜಾಯಿಗಳ ಹಿಂದೆ ತಳ್ಳಿದೆ. ಸಂಜೆ ನೀವು ನನಗಾಗಿ ರಜಾಯಿ ತೆಗೆಯಲು ಹೋದಿರಿ. ಬಾಗಿಲ ಹೊರಗೆ ನಿಂತಿದ್ದ ನನಗೆ ಎಲ್ಲ ಕಾಣುತ್ತಿತ್ತು. ನೀವು ಮುಚ್ಚಳ ಎತ್ತಿದಿರಿ, ಒಂದು ಪೊಟ್ಟಣ ಕೈಗೆ ತೆಗೆದುಕೊಂಡು ಓದಿದಿರಿ, ಬಹಳ ಹೊತ್ತು ಹಾಗೇ ನಿಂತಿರಿ. ಹೊರಗೆ ಬಂದು, "ಬೀಗಿತ್ತಿ, ಪೊಟ್ಟಣ ಚೆನ್ನಾಗಿವೆ. ಗಂಟು ಬಿಗಿಯಾಗಿ ಹಾಕಿದಾರೆ," ಅಂದಿರಿ. ಅಷ್ಟೇ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಚರ್ಚಿನಲ್ಲಿ ಪಾದ್ರಿಗಳು ಹೆಸರು ಕೇಳಿದಾಗ ಧರ್ಮತಾಯಿ ಗಟ್ಟಿಯಾಗಿ "ಗರಿಫಾಲಿಯಾ" ಅಂದಳು. ಮಕ್ಕಳೆಲ್ಲ, ಪದ್ಧತಿಯಂತೆ ಮನೆಯಲ್ಲೇ ಕಾಯುತ್ತಿದ್ದ ತಾಯಿಗೆ ಹೆಸರು ಮುಟ್ಟಿಸಲು ಹೋ ಎಂದು ಓಡಿದರು. ನಾನು ನಿಮ್ಮ ಕಡೆ ನೋಡಿದೆ. ನೀವು ಮಗುವಿನ ಟೋಪಿಯ ದಾರ ಬಿಡಿಸುತ್ತಿದ್ದಿರಿ. ಹೊರಗೆ ಹೆಂಗಸರು ನಿಮ್ಮನ್ನು ಮುತ್ತಿಕೊಂಡು, ಹೀಗೇಕೆ ಮಾಡಿದೆ ಎಂದು ಕೇಳಿದರೆ, "ಹೆಸರು ಕೊಟ್ಟ ಮಾತ್ರಕ್ಕೆ ನಾನೇನು ಹೆಸರಿಲ್ಲದವಳಾಗ್ತೀನಾ?" ಅಂದಿರಿ. ಆ ಒಂದು ಮಾತು ಊರೆಲ್ಲ ಸುತ್ತಿತು. ಬಂದರಿನಲ್ಲಿ ಸ್ಪಂಜು ಮಾರುವವನು ಕೂಡ ನಿಮ್ಮ ಮನಸ್ಸು ದೊಡ್ಡದೆಂದು ನನಗೇ ಹೇಳಿದ. ಗೆದ್ದವಳು ನಾನು, ಮೆರವಣಿಗೆ ನಿಮ್ಮದು.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ವರ್ಷ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಪ್ರೀತಿಯಿಂದ ಕೊಟ್ಟಿರೋ, ಕನಿಕರದಿಂದ ಕೊಟ್ಟಿರೋ? ಕನಿಕರವಾಗಿದ್ದರೆ ಆ ಹೆಸರು ನನಗೆ ಬೇಡವಾಗಿತ್ತು. ಇರಲಿ, ಬಂದ ಲಾಭವಾದರೂ ಏನು? ಹೆಸರು ನನ್ನದು, ಮಗು ನಿಮ್ಮದು. ಬಿದ್ದರೆ ನಿಮ್ಮನ್ನು ಕೂಗುತ್ತಾಳೆ, ಹಸಿದರೆ ನಿಮ್ಮ ಲಂಗ ಹಿಡಿದು ಎಳೆಯುತ್ತಾಳೆ, ಬೊಂಬೆಗೆ ಝುಂಬುಲಿಯಾ ಎಂದು ಹೆಸರಿಟ್ಟಿದ್ದಾಳೆ. ನನ್ನನ್ನು ಏನೆಂದು ಕರೆಯುತ್ತಾಳೆ ಗೊತ್ತಲ್ಲ, ಕೊಝಾನಿ ಅಜ್ಜಿ! ನನ್ನ ಹೆಸರೂ ಗರಿಫಾಲಿಯಾ ಕಣೇ ಎಂದು ಹೇಳಿದರೆ, "ಅಲ್ಲ, ಅದು ನಾನು," ಅಂತಾಳೆ. ಇದ್ದ ಒಂದು ಹೆಸರೂ ಕೈಬಿಟ್ಟು ಹೋಯಿತು.

ಈಚೆಗೆ ಒಂದು ಭಾನುವಾರ ಅವಳು ಫೋನಿನಲ್ಲಿ, ಈ ಹೆಸರು ಎಲ್ಲಿಂದ ಬಂತು ಅಜ್ಜಿ ಅಂತ ಕೇಳಿದಳು. ಕೊನೆಗೂ ನನ್ನ ಪಾಳಿ ಬಂತೆಂದು ದೊಡ್ಡ ನಿಘಂಟು ಇಳಿಸಿ ಕೂತೆ. ಕಾಯಿ, ಎಲೆ ಎಂಬುದೆಲ್ಲ ಮೇಲಿನ ಅಂಗಿ ಅಷ್ಟೇ ಎಂದು ಬರೆದಿದೆ ಬೀಗಿತ್ತಿ. ನನ್ನ ಹೆಸರು ಮೊದಲು ಲವಂಗದ ಹೆಸರು. ಪೂರ್ವದಿಂದ ಅದನ್ನು ತಂದ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ಯಾವುದೋ ಪದವಿತ್ತಂತೆ. ನಮ್ಮವರ ನಾಲಿಗೆ ಅದಕ್ಕೆ ಹೊರಳದೆ, ಗೊತ್ತಿದ್ದ ಎರಡು ಪದ ತೊಡಿಸಿ ತಮ್ಮದು ಮಾಡಿಕೊಂಡರಂತೆ. ಮೂಲ ಪದ ಹಿಂದೂಸ್ಥಾನದ್ದಿರಬಹುದು ಎನ್ನುತ್ತಾರೆ. ಮನೆಯ ಡಬ್ಬಿಯಿಂದ ಒಂದು ಲವಂಗ ತೆಗೆದು ನೋಡಿದೆ. ಅದು ಕಾಯಿಯೂ ಅಲ್ಲ, ಎಲೆಯೂ ಅಲ್ಲ, ಒಣಗಿದ ಮೊಗ್ಗು. ಇಷ್ಟು ವರ್ಷ ಅಡುಗೆ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಅದೇ ವಾಸನೆಯ ಕೆಂಪು ಕಾರ್ನೇಷನ್ ಹೂವಿಗೂ ಅದೇ ಹೆಸರಾಗಿ, ಹೂವಿನಿಂದ ನನ್ನ ಅಜ್ಜಿಗೆ, ಅಜ್ಜಿಯಿಂದ ನನಗೆ ಬಂದಿದೆ. ನಿಮ್ಮ ಹೆಸರು ಪರ್ಷಿಯಾದಿಂದ ಬಂತೆಂದು ಮದುವೆಯ ಪಂಕ್ತಿಯಲ್ಲಿ ಹೇಳಿದೆನಲ್ಲ, ನನ್ನದು ಅದಕ್ಕಿಂತ ದೂರದಿಂದ ಬಂದದ್ದು. ಇದು ನಿಮಗೆ ಮೊದಲೇ ಗೊತ್ತಿದ್ದರೂ ನೀವು ಬಾಯಿ ಬಿಡುತ್ತಿರಲಿಲ್ಲ ಎಂಬುದು ಹೊಳೆದು ನಿಘಂಟನ್ನು ರಪ್ಪನೆ ಮುಚ್ಚಿದೆ.

ಅದೇ ವಾರ ಥೆಮೆಲೀನಾ ಮತ್ತೆ ಬಸುರಿ, ಈ ಸಲವೂ ಹೆಣ್ಣಂತೆ ಎಂದು ಸ್ಟೆರ್ಗಿಯೋಸ್ ಹೇಳಿದ. ಯಾರೂ ಎಣಿಸಿರದ ಮಗು. ನಾನು ಕೋಟು ಹಾಕಿಕೊಂಡು ಅದೇ ಮಿಠಾಯಿ ಅಂಗಡಿಗೆ ಹೋದೆ. ರಿಬ್ಬನ್ನಿನ ಮೇಲೆ ಏನು ಹಾಕಲಿ ಎಂದು ಕೇಳಿದಾಗ ಹೇಳಿದೆ. ಇದು ಯಾರ ಹೆಸರು ಎಂದು ಅಂಗಡಿಯವಳು ಕೇಳಿದಳು. ನನ್ನ ಬೀಗಿತ್ತಿಯದು ಅಂದೆ. ಅದು ಪ್ರೀತಿಯೋ, ಪೈಪೋಟಿಯೋ, ಅಲ್ಲಿ ನಿಂತಾಗ ನನಗೇ ತಿಳಿಯಲಿಲ್ಲ. ರಜಾಯಿಗಳ ಮುಂದೆ ನಿಂತ ಆ ಸಂಜೆ ನಿಮಗೂ ತಿಳಿದಿರಲಿಕ್ಕಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟೆ.

ಕಾಗದದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ, ಓದಿಕೊಳ್ಳಿ. ಉಳಿದದ್ದನ್ನು ನಾನೇ ತರುತ್ತೇನೆ. ಧರ್ಮತಾಯಿಗೆ ಆಗಲೇ ಹೇಳಿಯಾಗಿದೆ, ನೀವು ಬೇಡವೆಂದು ರಗಳೆ ಮಾಡಬೇಡಿ. ದೀಕ್ಷಾಸ್ನಾನದ ದಿನ ಚರ್ಚಿನ ಹೊರಗೆ ನಿಮ್ಮೂರಿನ ಹೆಂಗಸರು ನನ್ನನ್ನು ಮುತ್ತಿಕೊಳ್ಳಬೇಕು, ಕೊಝಾನಿಯವಳ ಮನಸ್ಸು ಎಷ್ಟು ದೊಡ್ಡದು ಅನ್ನಬೇಕು. ನೀವು ಪಕ್ಕದಲ್ಲೇ ನಿಂತು ಕೇಳಬೇಕು. ನಿಮಗೂ ಒಂದು ಸಲ ಹೊಟ್ಟೆ ಉರಿಯಲಿ. ಒಂದೇ ಕೋರಿಕೆ, ಪಾದ್ರಿಗಳು ಹೆಸರು ಹೇಳುವಾಗ ದಯವಿಟ್ಟು ಅಳಬೇಡಿ. ನೀವು ಅತ್ತರೆ ಎಲ್ಲರೂ ಮತ್ತೆ ನಿಮ್ಮನ್ನೇ ನೋಡುತ್ತಾರೆ.

ನಿಮ್ಮ ಹೆಸರನ್ನು ಆ ಮನೆಯ ಬಾಗಿಲಲ್ಲಿ ನೂರು ವರ್ಷ ಕೂಗುತ್ತಿರಲಿ. ನನ್ನದನ್ನು ಅದಕ್ಕಿಂತ ಒಂದು ವರ್ಷ ಹೆಚ್ಚು.

ನಿಮ್ಮ ಬೀಗಿತ್ತಿ,
ಗರಿಫಾಲಿಯಾ
(ದೊಡ್ಡವಳು)