ನಿನ್ನ ಪರೀಕ್ಷೆ ನಾನು ಬರೆದದ್ದು

ಬಾಳವ್ವ ಆಯಿ,

ಸಂಬಂಧದಲ್ಲಿ ನೀನು ನನಗೆ ಏನೂ ಆಗಬೇಕಿಲ್ಲ. ಕಬ್ಬೂರಿನಲ್ಲಿ ನಮ್ಮ ಹಿತ್ತಲಿಗೂ ನಿಮ್ಮ ಕುರಿಹಟ್ಟಿಗೂ ನಡುವೆ ಒಂದು ಮುಳ್ಳುಬೇಲಿ, ಅಷ್ಟೇ. ಆದರೂ ಮಾತು ಬಂದಾಗಿನಿಂದ ನಿನ್ನನ್ನು ಆಯಿ ಅಂತಲೇ ಕರೆದವಳು ನಾನು. ಈಗ ಬೇರೆ ಹೆಸರು ಎಲ್ಲಿಂದ ತರಲಿ?

ನೀನು ಹೆಸರು ಬರೆಸಲು ಮೊದಲ ಸಲ ಶಾಲೆಯ ಕಟ್ಟೆ ಹತ್ತಿದ ದಿನ ನೆನಪಿದೆಯಾ? ಊರೂರಿಗೂ ಸಾಕ್ಷರತೆಯ ಜೀಪು ಬರುತ್ತಿದ್ದ ಕಾಲ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ. ಮೂರರ ಬಸ್ಸಿಗೆ ಊರಿಗೆ ಬಂದು, ನಾಲ್ಕಕ್ಕೆ ಹತ್ತು ಹೆಂಗಸರಿಗೆ ಅಕ್ಷರ ಕಲಿಸಬೇಕು. ಸಂಬಳವಿಲ್ಲ, ಕೊನೆಗೊಂದು ಪ್ರಮಾಣಪತ್ರ. ಅದಿದ್ದರೆ ಮುಂದೆ ಮಾಸ್ತರಿಕೆ ಸಿಗುವುದು ಸುಲಭ ಅಂತ ಎಲ್ಲರೂ ಅನ್ನುತ್ತಿದ್ದರು. ಒಂಬತ್ತು ಮಂದಿ ಸಿಕ್ಕಿದ್ದರು, ಹತ್ತನೆಯವಳಾಗು ಅಂತ ನಿನ್ನ ಬೆನ್ನು ಹತ್ತಿದೆ. ಸುಗ್ಗಿ ಮುಗಿದರೆ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗುವವಳ ಹೆಸರು ಯಾಕೆ ಬರೆದುಕೊಳ್ಳುತ್ತೀ ಅಂತ ನೀನು ಮೊದಲೇ ಕೇಳಿದ್ದೆ. ತಿರುಗಿ ಬಂದ ಮೇಲೆ ಕಲಿಸುತ್ತೇನೆ ಅಂತ ನಾನು ಮಾತು ಕೊಟ್ಟಿದ್ದೆ.

ಪರೀಕ್ಷೆಯ ದಿನ ಬಂದಾಗ ನೀನು ಹೊಳೆಯಾಚೆ ಸತ್ತಿ ಊರಿನ ಹೊಲಗಳಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡಿದ್ದೆ. ಇನ್ನೂ ನಾಲ್ಕು ಮಂದಿ ಕಬ್ಬು ಕಡಿಯಲು ಹೋಗಿದ್ದರು. ಬಂದು ಬರೆದವರು ಐದೇ ಮಂದಿ. ಮಧ್ಯಾಹ್ನ ಜೀಪು ಬಂದಾಗ ಕೈಯಲ್ಲಿ ಹತ್ತು ಉತ್ತರಪತ್ರಿಕೆ ಇರಬೇಕು. ಮನೆಗೆ ಓಡಿ, ಕದ ಹಾಕಿಕೊಂಡು, ಉಳಿದ ಐದನ್ನೂ ನಾನೇ ಬರೆದೆ. ನಿನ್ನದನ್ನು ಎಡಗೈಯಲ್ಲಿ ಬರೆದೆ, ಅಕ್ಷರ ನಡುಗಿದಂತೆ ಕಾಣಲಿ ಅಂತ. ಮುಗಿಸಿ, ದೂರ ಹಿಡಿದು ನೋಡಿ, ಚೆನ್ನಾಗಿ ಬಂದಿದೆ ಅಂದುಕೊಂಡೆ. ಆ ಖುಷಿ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಪಾಸಾದವರಿಗೆ ಚಿಕ್ಕೋಡಿಯಲ್ಲಿ ಇಟ್ಟ ಸಮಾರಂಭಕ್ಕೆ ಕರೆದೊಯ್ಯುವಾಗಲಾದರೂ ಹೇಳಬಹುದಿತ್ತಲ್ಲ? ನೀನು ಆಗಷ್ಟೇ ಹೊಳೆಯಾಚೆಯಿಂದ ಬಂದಿದ್ದೆ. ಕಾರ್ಯಕ್ರಮ ಇದೆ, ಊಟ ಇದೆ, ಬಾ ಅಂದೆ, ಅಷ್ಟೇ. ವೇದಿಕೆಯ ಮೇಲೆ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿನಿ ಅಂತ ನಿನ್ನ ಹೆಸರು ಕೂಗಿದಾಗ ನಾನು ಹಾರದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸಾಕ್ಷರತಾ ಕಚೇರಿಯ ಸಾಹೇಬರು ನಗುತ್ತ ನಿನ್ನ ಕೈಗೆ ಒಂದು ಪುಸ್ತಕ ಕೊಟ್ಟರು. "ಅಜ್ಜಿ, ಒಂದ ಸಾಲು ಓದ್ರಿ, ಎಲ್ಲಾರೂ ಕೇಳಲಿ."

ನೀನು ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ಹಾರದ ತಟ್ಟೆಯ ಕಡೆ ಮುಖ ತಿರುಗಿಸಿದೆ. ನಾನು ಆಗಲೇ ಬಾಯಿ ಬಿಟ್ಟು ಹೇಳಿದ್ದರೆ... ಬಿಡಲಿಲ್ಲ. ನೀನು ಸೆರಗು ಸರಿಮಾಡಿಕೊಂಡು ಹೇಳಿದೆ, "ಚಾಳೀಸ ಮನ್ಯಾಗ ಬಿಟ್ಟ ಬಂದೀನ್ರಿ ಸಾಹೇಬ್ರ. ಏನೂ ಕಾಣವಲ್ದು." ಮಂದಿ ನಕ್ಕು ಚಪ್ಪಾಳೆ ತಟ್ಟಿದರು. ಹೊಲದ ಆ ತುದಿಯ ಕುರಿಯ ಕಿವಿಗೆ ಹಾಕಿದ ಕಚ್ಚು ನೋಡಿ ಅದು ಯಾರ ಕುರಿ ಅಂತ ಹೇಳುವವಳು ನೀನು. ಚಾಳೀಸು ಯಾವತ್ತು ಹಾಕಿದ್ದೆ?

ಊರಿಗೆ ಮರಳಿ, ಎಲ್ಲರನ್ನೂ ತಂದ ಲಾರಿಯಿಂದ ಇಳಿದ ಮೇಲೆ ನೀನು ನನ್ನ ರಟ್ಟೆ ಹಿಡಿದು ನಿಲ್ಲಿಸಿದೆ. "ನಾ ಇಲ್ಲದಾಗ ನನ್ನ ಪರೀಕ್ಷಾ ಯಾರ ಬರದ್ರ, ಶೋಭಾ?"

ನಾನೇ ಅಂದೆ.

"ನಾ ಮಂದಿ ಕುರಿಗೆ ನನ್ನ ಕಚ್ಚ ಹಾಕಿ ಹಟ್ಯಾಗ ಕೂಡಿಕೊಂಡ್ರ ಊರಾಗ ನನಗ ಏನಂತಾರ? ಇವತ್ತ ನಿನ್ನ ಸಲುವಾಗಿ ನಾಕ ಮಂದ್ಯಾಗ ಸುಳ್ಳ ಹೇಳೇನಿ. ಇನ್ನೊಮ್ಮಿ ಹೇಳಾಂಗಿಲ್ಲ. ಸಾಹೇಬ್ರ ಕಡೆ ಹೋಗಿ ನೀನ ಹೇಳಿ ಬಾ."

ನನಗೆ ಸಿಟ್ಟು ಬಂತು ಆಯಿ, ಸುಳ್ಳು ಯಾಕೆ ಹೇಳಲಿ. ಎಲ್ಲ ಊರಲ್ಲೂ ಹೀಗೇ ಮಾಡಿದ್ದಾರೆ ಅಂತ ಒದರಿದೆ. ಬೇರೆ ಊರಿನ ಸಂಗತಿ ನನಗೇನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ.

ಮರುದಿನ ನೀನೇ ಪಾಟಿ ಹಿಡಿದು ಬೇಲಿ ದಾಟಿ ಬಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಸ್ಸಿನ ಬೋರ್ಡು ನೋಡಿ, ರಾಯಬಾಗದ್ದು ಬಂತು, ಹತ್ತರಿ ಅಂತ ನಿಂತವರಿಗೆಲ್ಲ ಸಾರುತ್ತಿದ್ದೆ. ನನ್ನ ತಪ್ಪು ತೀರಿತು ಅಂತ ನಾನು ಲೆಕ್ಕ ಹಾಕಿಕೊಂಡೆ. ಆದರೆ ದಿನಾ ಪಾಟಿ ಒರೆಸುವಾಗ ನೀನು ಒಂದೇ ಮಾತು ಕೇಳುತ್ತಿದ್ದೆ, ಹೇಳಿ ಬಂದ್ಯಾ? ಬರುವ ಸೋಮವಾರ ಹೋಗುತ್ತೇನೆ ಅಂತ ನಾನು ಅನ್ನುತ್ತಿದ್ದೆ. ಎಷ್ಟು ಸೋಮವಾರ ದಾಟಿದವು!

ಕಾಶವ್ವ ನಮ್ಮ ಅಂಗಳಕ್ಕೆ ಬಂದ ದಿನ ನಾನು ಇನ್ನೂ ಸಣ್ಣವಳಾದೆ. ಕಬ್ಬು ಕಡಿಯಲು ಹೋಗಿದ್ದ ಆ ನಾಲ್ವರಲ್ಲಿ ಅವಳೂ ಒಬ್ಬಳು. ಕಲಿಯದೆ ಉಳಿದವರಿಗೆ ಮತ್ತೆ ತರಗತಿ ಶುರುವಾಗಿದ್ದವು, ಆ ಊರುಗಳ ಯಾದಿಯಲ್ಲಿ ನಮ್ಮೂರು ಇರಲಿಲ್ಲ. ನಮ್ಮೂರಲ್ಲಿ ಎಲ್ಲರೂ ಪಾಸಾಗಿದ್ದರಲ್ಲ. ನಮಗೆ ಇನ್ನು ಯಾರೂ ಕಲಿಸುವುದಿಲ್ಲವಂತೆ, ಹೌದಾ ಅಂತ ಅವಳು ಕೇಳಿದಳು. ನೋಡೋಣ ತಡಿ ಅಂದೆ. ಅವಳ ಮುಖ ನೋಡಿಯೂ ನಿಜ ಹೇಳಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಕುರಿಯ ಹಿಂದೆ ಹೋದ ನೀನು ಕುಡಚಿಯ ಹತ್ತಿರ ಜ್ವರ ಬಂದು ಮಲಗಿದೆಯಂತೆ. ಟೆಂಪೋದಲ್ಲಿ ತಂದರಂತೆ. ನಾನು ಚಿಕ್ಕೋಡಿಯಲ್ಲಿ ನನ್ನ ಪರೀಕ್ಷೆ ಬರೆಯುತ್ತಿದ್ದೆ. ಬಸ್ಸಿಳಿದು ಬರುವಷ್ಟರಲ್ಲಿ ನಿನ್ನ ಮಣ್ಣು ಮುಗಿದಿತ್ತು. ಕುರಿ ಹೊಡೆದುಕೊಂಡು ಹೊರಡುವ ಮುಂಚೆ ನೀನು ಬೇಲಿಯಾಚೆಯಿಂದ ಕೇಳಿದ್ದೆ, ನಾನು ಮತ್ತೆ ಸೋಮವಾರ ಅಂದಿದ್ದೆ. ಅಷ್ಟೊಂದು ಹತ್ತಿರವಿದ್ದೆ, ಆಯಿ, ಅಷ್ಟು ಹತ್ತಿರವಿದ್ದೂ...

ನಿನ್ನ ದಿನಕರ್ಮ ಮುಗಿದ ಮಾರನೆಯ ದಿನ ಕಚೇರಿಗೆ ಹೋದೆ. ಯಾವ ವಾರ ಅಂತ ನೋಡಲಿಲ್ಲ. ನಾನು ನಿಜ ಹೇಳುತ್ತಲೇ ಸಾಹೇಬರು ಎದ್ದು ಕದ ಮುಂದೆ ಮಾಡಿದರು. "ಮುಗದ ಫೈಲ ಐತಿ ತಂಗಿ, ಯಾಕ ಕೆದರತಿ?" ಐದು ಹೆಸರು ಬರೆದು, ಇವು ನಾನು ಬರೆದ ಉತ್ತರಪತ್ರಿಕೆಗಳು ಅಂತ ಸಹಿ ಮಾಡಿದೆ. ತೀರಿಹೋದ ಅಜ್ಜಿಯ ಹೆಸರು ತೆಗೆ, ಆಮೇಲೆ ಹೇಗೂ ಕಲಿತಿದ್ದಳಲ್ಲ ಅಂದರು. ಒಂದು ಗಳಿಗೆ ನನ್ನ ಮನಸ್ಸೂ ಜಾರಿತು. ಹೌದು, ನೀನು ಕಲಿತಿದ್ದೆ. ಆದರೆ ಆ ಪರೀಕ್ಷೆ ಬರೆದವಳು ನೀನಲ್ಲ. ನಿನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆಯೇ ಉಳಿಸಿದೆ. ಬಯ್ಯಬೇಡ.

ನನ್ನ ಪ್ರಮಾಣಪತ್ರ ವಾಪಸು ತೆಗೆದುಕೊಂಡರು. ಅಪ್ಪ ಎಂಟು ದಿನ ಮಾತು ಬಿಟ್ಟ. ಕಾಶವ್ವನ ಮನೆಗೂ, ಉಳಿದ ಮೂವರ ಮನೆಗೂ ಹೋಗಿ ಹೇಳಿದೆ. ನಾನೇ ಕಲಿಸುತ್ತೇನೆ ಬನ್ನಿ ಅಂದಾಗ ಕಾಶವ್ವ ಒಂದು ಕರಾರು ಹಾಕಿದಳು, "ಬರತೀವಿ, ಆದ್ರ ಹಾಜರಿ ಪುಸ್ತಕ ನಿನ್ನ ಕೈಯಾಗ ಇರಬಾರದು."

ಈಗ ಪುಸ್ತಕ ಅವಳ ಹತ್ತಿರ ಇದೆ. ನಾಲ್ಕೂ ಹೆಸರಿನ ಕೆಳಗೆ ನನ್ನದನ್ನೂ ಬರೆಸಿಕೊಂಡಿದ್ದಾಳೆ, ಬಂದದ್ದು ಬಾರದ್ದರ ಗುರುತು ಅವಳೇ ಹಾಕುತ್ತಾಳೆ. ನಿನ್ನೆ ಬಸ್ಸು ಕೆಟ್ಟು ನಿಂತು, ನಾಲ್ಕರ ತರಗತಿಗೆ ನಾನು ಕಟ್ಟೆ ಮುಟ್ಟುವಾಗ ಐದಾಗಿತ್ತು. ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿ ಕೂತಿದ್ದಳು. ನಾನು ತಿದ್ದಲಿಲ್ಲ ಆಯಿ.

ನಿನ್ನ
ಶೋಭಾ